ರೈಟ್ ಸಹೋದರರ 1903ರ ಪೇಟೆಂಟ್ ಅರ್ಜಿಯಲ್ಲಿ ಎಂಜಿನ್ನೇ ಇಲ್ಲ! ಹಾಗಾದರೆ ಪೇಟೆಂಟ್ ಸಿಕ್ಕಿದ್ದು ಯಾವುದಕ್ಕೆ?

ಲೇತ್‌ಮನೆ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ರಾತ್ರಿ ಊಟ ಆದ ಮೇಲೆ ಹಳೆಯ ಪೇಟೆಂಟ್‌ಗಳ ಚಿತ್ರ ನೋಡುವುದು ನನಗೆ ಬಹಳ ಇಷ್ಟ. ಒಂದೊಂದು ಭಾಗಕ್ಕೂ ನಂಬರ್ ಕೊಟ್ಟಿರುತ್ತಾರೆ. ಆ ನಂಬರ್ ಹಿಡಿದು ಬರಹ ಓದುತ್ತಾ ಹೋದರೆ ಯಾರೋ ಯಂತ್ರವನ್ನು ನಮ್ಮೆದುರೇ ಬಿಚ್ಚಿ ಮತ್ತೆ ಜೋಡಿಸಿ ತೋರಿಸಿದ ಹಾಗಿರುತ್ತದೆ.

ಮೊನ್ನೆ ರೈಟ್ ಸಹೋದರರ ಅಮೆರಿಕದ ಪೇಟೆಂಟ್ ತೆಗೆದೆ. ನಂಬರ್ 8,21,393. ಹೆಸರು ಬರೀ 'ಹಾರುವ ಯಂತ್ರ'. ಮೂರು ಹಾಳೆ ಚಿತ್ರ ಇದೆ. ಎಂಜಿನ್ ಎಲ್ಲಿದೆ ಅಂತ ಹುಡುಕಿದೆ, ಇಲ್ಲ. ಪ್ರೊಪೆಲ್ಲರ್ ಹುಡುಕಿದೆ, ಅದೂ ಇಲ್ಲ. ಒಂದರ ಮೇಲೊಂದು ಎರಡು ರೆಕ್ಕೆ, ಮುಂದೊಂದು ಹಲಗೆ, ಹಿಂದೆ ನೆಟ್ಟಗೆ ನಿಂತ ಇನ್ನೊಂದು ಹಲಗೆ, ಉಳಿದದ್ದೆಲ್ಲ ಹಗ್ಗ ಮತ್ತು ರಾಟೆ. ಅರ್ಜಿ ಹಾಕಿದ್ದು 1903ರ ಮಾರ್ಚ್ 23. ಎಂಜಿನ್ ಇಟ್ಟು ಹಾರಿದ್ದು ಅದೇ ವರ್ಷ ಡಿಸೆಂಬರ್ 17ಕ್ಕೆ ಅಂತ ಶಾಲೆಯಲ್ಲೇ ಓದಿದ್ದೇವೆ. ಅಂದರೆ ಹಾರುವುದಕ್ಕೆ ಒಂಬತ್ತು ತಿಂಗಳು ಮೊದಲೇ ಅರ್ಜಿ ಹೋಗಿದೆ! ಪೇಟೆಂಟ್ ಕೈಗೆ ಬಂದಿದ್ದು 1906ರ ಮೇ 22ಕ್ಕೆ.

ಹಾಗಾದರೆ ಅವರಿಗೆ ಪೇಟೆಂಟ್ ಕೊಟ್ಟಿದ್ದು ಯಾವುದಕ್ಕೆ? ಇನ್ನೂ ಹಾರದ ವಿಮಾನಕ್ಕಾ?

ಕೇಳುವುದಕ್ಕೆ ನನ್ನದೇ ಒಂದು ಕಾರಣವೂ ಇದೆ. ಅಡಿಕೆ ಸುಲಿಯುವ ಯಂತ್ರಕ್ಕೆ ಅಡಿಕೆ ಒಂದೊಂದಾಗಿ, ಒಂದೇ ದಿಕ್ಕಿಗೆ ಮುಖ ಮಾಡಿ ಬೀಳುವ ಹಾಗೆ ಒಂದು ಫೀಡರ್ ಮಾಡಿದ್ದೇನೆ. ಫೀಡರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಆದರೆ ಇಡೀ ಯಂತ್ರ ಇನ್ನೂ ಆಗಿಲ್ಲ. ಗೆಳೆಯರು "ಪೂರ್ತಿ ಮಷಿನ್ ಆಗಲಿ ಮಾರಾಯ, ಆಮೇಲೆ ಪೇಟೆಂಟ್ ಮಾತು" ಅನ್ನುತ್ತಾರೆ. ರೈಟ್ ಅರ್ಜಿ ನೋಡಿದ ಮೇಲೆ ಆ ಮಾತು ಸರಿಯಾ ಅಂತ ಅನುಮಾನ ಬಂದಿದೆ. ತಿಳಿದವರು ಹೇಳಿ.

ಗಾಳಿಪಟ:

ಒಳ್ಳೇ ಪ್ರಶ್ನೆ ಸರ್. ನೀವು ನೋಡಿದ ಚಿತ್ರ ಅವರ 1902ರ ಗ್ಲೈಡರ್‌ನದ್ದು. ಎಂಜಿನ್ ಇಲ್ಲದೆ ಗುಡ್ಡದ ಮೇಲಿಂದ ಗಾಳಿಯಲ್ಲಿ ಜಾರುವ ಯಂತ್ರ ಅದು. ಹಾಗಾಗಿ ಅವರು ಹಾರಿಯೇ ಇರಲಿಲ್ಲ ಅನ್ನುವುದು ಸರಿಯಲ್ಲ. 1902ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಿಟ್ಟಿ ಹಾಕ್ ಹತ್ತಿರದ ಮರಳುದಿಬ್ಬಗಳ ಮೇಲೆ ಏಳುನೂರರಿಂದ ಸಾವಿರ ಸಲ ಜಾರಿದ್ದಾರೆ. ಕೈ ಪಳಗಿದ ಮೇಲೆಯೇ ಅರ್ಜಿ ಬರೆದದ್ದು.

ಎಂಜಿನ್ ಯಾಕಿಲ್ಲ ಅಂದರೆ, ಅವರ ಪಾಲಿಗೆ ಎಂಜಿನ್ ದೊಡ್ಡ ಸಮಸ್ಯೆಯೇ ಆಗಿರಲಿಲ್ಲ. ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರದಲ್ಲಿ 12 ಅಶ್ವಶಕ್ತಿಯ ಎಂಜಿನ್ ಕಟ್ಟಿಕೊಟ್ಟರು. ನೀವು ಲೇತ್ ಕೆಲಸದವರು, ಈ ಮಾತು ನಿಮಗೆ ಖುಷಿ ಕೊಡುತ್ತದೆ: ಆ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟನ್ನು ಅವರು ಗಟ್ಟಿ ಉಕ್ಕಿನ ಹಲಗೆಯಿಂದ ಕೊರೆದು, ಆಮೇಲೆ ಲೇತ್ ಮೇಲೆ ತಿರುಗಿಸಿ ಮಾಡಿದ್ದು. ಆ ಅಂಗಡಿಯಲ್ಲಿ ಇದ್ದದ್ದೇ ಒಂದು ಲೇತ್, ಒಂದು ಡ್ರಿಲ್ ಪ್ರೆಸ್, ಕೈ ಹತಾರಗಳು.

ನಿಜವಾದ ಸಮಸ್ಯೆ ಬೇರೆ. ಗಾಳಿಯಲ್ಲಿ ಒಂದು ಪಕ್ಕಕ್ಕೆ ವಾಲಿದರೆ ಮತ್ತೆ ಸರಿ ಮಾಡಿಕೊಳ್ಳುವುದು ಹೇಗೆ? ಆಗ ಜಾಸ್ತಿ ಜನ ತಾನಾಗೇ ಸಮನಾಗಿ ನಿಲ್ಲುವ ವಿಮಾನಕ್ಕಾಗಿ ಹುಡುಕುತ್ತಿದ್ದರು. ಇವರು ಸೈಕಲ್ ಮಾರುವವರು. ಸೈಕಲ್ ಸುಮ್ನೆ ಬಿಟ್ಟರೆ ಬೀಳುತ್ತದೆ, ಅದರ ಮೇಲೆ ಕೂತವನು ಕ್ಷಣಕ್ಷಣವೂ ಸರಿ ಮಾಡಿಕೊಳ್ಳುವುದರಿಂದ ನಿಲ್ಲುತ್ತದೆ. ವಿಮಾನವೂ ಹಾಗೇ ಇರಲಿ, ಸರಿ ಮಾಡಿಕೊಳ್ಳುವ ಉಪಾಯ ಮಾತ್ರ ಸವಾರನ ಕೈಯಲ್ಲಿರಲಿ ಅಂತ ಅವರು ಯೋಚಿಸಿದರು.

ಆ ಉಪಾಯ ಹೊಳೆದದ್ದು 1899ರಲ್ಲಿ, ಸೈಕಲ್ ಟ್ಯೂಬ್ ಬರುವ ರಟ್ಟಿನ ಡಬ್ಬಿಯಿಂದ. ವಿಲ್ಬರ್ ಗಿರಾಕಿ ಜೊತೆ ಮಾತಾಡುತ್ತಾ ಡಬ್ಬಿಯನ್ನು ಕೈಯಲ್ಲಿ ತಿರುಚುತ್ತಿದ್ದರಂತೆ. ನೀವೇ ಮಾಡಿ ನೋಡಿ. ಟೂತ್‌ಪೇಸ್ಟಿನ ಉದ್ದ ಡಬ್ಬಿ ತಗೊಂಡು ಎರಡೂ ತುದಿಯ ಮುಚ್ಚಳ ಹರಿದುಹಾಕಿ. ಅಗಲವಾದ ಮೈ ಮೇಲೆ ಕೆಳಗೆ ಬರುವ ಹಾಗೆ ಅಡ್ಡಲಾಗಿ ಹಿಡಿಯಿರಿ. ಮೇಲಿನದು ಮೇಲಿನ ರೆಕ್ಕೆ, ಕೆಳಗಿನದು ಕೆಳಗಿನ ರೆಕ್ಕೆ. ಈಗ ಬಲಗೈ ತುದಿಯನ್ನು ಒಂಚೂರು ನಿಮ್ಮ ಕಡೆಗೆ, ಎಡಗೈ ತುದಿಯನ್ನು ಆಚೆ ಕಡೆಗೆ ತಿರುಗಿಸಿ. ಒಂದು ತುದಿಯಲ್ಲಿ ಎರಡೂ ರೆಕ್ಕೆಯ ಮುಂದಿನ ಅಂಚು ಮೇಲೇಳುತ್ತದೆ, ಇನ್ನೊಂದು ತುದಿಯಲ್ಲಿ ಕೆಳಗಿಳಿಯುತ್ತದೆ. ಡಬ್ಬಿ ಮುರಿಯುವುದಿಲ್ಲ, ನಡುಭಾಗ ಅಲ್ಲಾಡುವುದಿಲ್ಲ. ಮುಂದಿನ ಅಂಚು ಎದ್ದ ಕಡೆ ಗಾಳಿ ಜಾಸ್ತಿ ಎತ್ತುತ್ತದೆ, ಇಳಿದ ಕಡೆ ಕಮ್ಮಿ ಎತ್ತುತ್ತದೆ. ವಾಲಿದ ವಿಮಾನವನ್ನು ನೆಟ್ಟಗೆ ಮಾಡಲು ಅಷ್ಟು ಸಾಕು.

ಪೇಟೆಂಟ್ ಸಿಕ್ಕಿದ್ದು ಇದಕ್ಕೇ. ಹಾರುವುದಕ್ಕಲ್ಲ, ಹಾರುವಾಗ ಯಂತ್ರವನ್ನು ಹಿಡಿತದಲ್ಲಿಡುವ ಉಪಾಯಕ್ಕೆ.

ಹಳೇಕಡತ:

ಗಾಳಿಪಟ ಅವರು ಯಂತ್ರದ ಕಡೆಯಿಂದ ಹೇಳಿದ್ದಾರೆ, ನಾನು ಅರ್ಜಿಯ ಕಡೆಯಿಂದ ಹೇಳುತ್ತೇನೆ. ಪೇಟೆಂಟ್ ಕಡತಗಳ ಜೊತೆಯೇ ನನ್ನ ದಿನದ ಕೆಲಸ.

1903ರ ಮಾರ್ಚ್‌ನ ಅರ್ಜಿಯನ್ನು ಅಣ್ಣತಮ್ಮ ತಾವೇ ಬರೆದು ಕಳಿಸಿದ್ದರು. ಪರೀಕ್ಷಕರು ಒಪ್ಪಲಿಲ್ಲ, ತಿರಸ್ಕರಿಸಿದರು. ಹಾರುತ್ತೇವೆ ಅಂತ ಅರ್ಜಿ ಹಾಕುವವರು ಆಗ ಬಹಳ ಜನ ಇದ್ದರು, ಅದರಲ್ಲಿ ಒಂದೂ ಹಾರುತ್ತಿರಲಿಲ್ಲ. ಮಾದರಿ ಮಾಡಿ ಕಳಿಸಲೇಬೇಕು ಅನ್ನುವ ನಿಯಮ ಅಮೆರಿಕದಲ್ಲಿ 1880ರ ಹೊತ್ತಿಗೇ ಹೋಗಿತ್ತು. ಹಾಗಾಗಿ ಪರೀಕ್ಷಕರ ಮುಂದೆ ಇದ್ದದ್ದು ಬರೀ ಮಾತು ಮತ್ತು ಚಿತ್ರ. ಮಾತು ಸಡಿಲವಾದರೆ ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಅರ್ಜಿ ಬಿದ್ದುಹೋಗುತ್ತದೆ. ಇವತ್ತಿಗೂ ಅಷ್ಟೇ, ನಾನು ಕಣ್ಣಾರೆ ನೋಡುತ್ತಿದ್ದೇನೆ.

1904ರ ಶುರುವಿನಲ್ಲಿ ಅವರು ತಮ್ಮೂರು ಡೇಟನ್ ಪಕ್ಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಹ್ಯಾರಿ ಟೂಲ್‌ಮಿನ್ ಅನ್ನುವ ಪೇಟೆಂಟ್ ವಕೀಲರ ಹತ್ತಿರ ಹೋದರು. ಅಷ್ಟೊತ್ತಿಗೆ ಎಂಜಿನ್ ಇಟ್ಟು ಹಾರಿಯೂ ಆಗಿತ್ತು. ಬೇರೆ ಯಾರಾದರೂ ಆಗಿದ್ದರೆ ಇಡೀ ವಿಮಾನವನ್ನೇ ಅರ್ಜಿಗೆ ತುಂಬುತ್ತಿದ್ದರು. ಟೂಲ್‌ಮಿನ್ ಹಾಗೆ ಮಾಡಲಿಲ್ಲ. ಗ್ಲೈಡರ್ ಚಿತ್ರವನ್ನೇ ಉಳಿಸಿಕೊಂಡು, ಹಿಡಿತದ ಉಪಾಯವೊಂದನ್ನೇ ಗಟ್ಟಿಯಾಗಿ ಹಿಡಿದರು.

ಲೇತ್‌ಮನೆ ಸರ್, ಪೇಟೆಂಟ್ ಓದುವಾಗ ಚಿತ್ರ ಬಿಟ್ಟು ಕೊನೆಯ ಪುಟಗಳ ಕ್ಲೇಮ್ ಓದಿ. ಹಕ್ಕು ಇರುವುದು ಅಲ್ಲಿ. ಹೊಲದ ಬಗ್ಗೆ ಎಷ್ಟು ಬಣ್ಣಿಸಿದರೂ ಗಡಿಕಲ್ಲು ಎಲ್ಲಿ ನೆಟ್ಟಿದ್ದೀರಿ ಅನ್ನುವುದೇ ಮುಖ್ಯ ಅಲ್ವಾ, ಹಾಗೆ. ರೈಟ್ ಅವರ ಮೊದಲ ಕ್ಲೇಮ್ ಏನು ಹೇಳುತ್ತದೆ ಅಂದರೆ, ರೆಕ್ಕೆಯ ಎರಡೂ ಕಡೆಯ ಅಂಚಿನ ಭಾಗಗಳು ರೆಕ್ಕೆಯ ಸಾಮಾನ್ಯ ಮಟ್ಟದಿಂದ ಮೇಲಕ್ಕೂ ಕೆಳಕ್ಕೂ ಚಲಿಸಬಲ್ಲವು, ಹಾಗೆ ಚಲಿಸಿ ಗಾಳಿಗೆ ಬೇರೆ ಬೇರೆ ಕೋನದಲ್ಲಿ ಮುಖ ಕೊಡುತ್ತವೆ, ಮತ್ತು ಅವನ್ನು ಚಲಿಸುವ ಸಾಧನ ಇರುತ್ತದೆ. ನೋಡಿ, 'ಹಗ್ಗದಿಂದ ತಿರುಚುವುದು' ಅಂತ ಗಡಿ ಹಾಕಿಕೊಂಡಿಲ್ಲ. ತಿರುಚಿ, ಮಡಚಿ, ಕೀಲು ಹಾಕಿ, ಹೇಗಾದರೂ ಆಗಲಿ, ಎರಡು ಪಕ್ಕದ ಕೋನ ಬೇರೆ ಬೇರೆ ಮಾಡಿದರೆ ಅದು ಈ ಗಡಿಯೊಳಗೆ ಬರುತ್ತದೆ. ಇವತ್ತಿನ ವಿಮಾನದ ರೆಕ್ಕೆ ತುದಿಯಲ್ಲಿ ಮೇಲೆ ಕೆಳಗೆ ಆಡುವ ಏಲರಾನ್ ಇದೆಯಲ್ಲ, ಅದನ್ನೂ ಈ ಒಂದು ಕ್ಲೇಮ್ ಹಿಡಿದಿತ್ತು.

ನಿಮ್ಮ ಫೀಡರ್ ವಿಷಯಕ್ಕೆ ಬರೋಣ. ಇಡೀ ಯಂತ್ರ ಆಗಲಿ ಅಂತ ಕಾಯಬೇಕಾಗಿಲ್ಲ. ಹೊಸತು ಫೀಡರ್ ಆದರೆ ಅರ್ಜಿಯೂ ಫೀಡರ್‌ದೇ ಆಗಲಿ. ನಮ್ಮಲ್ಲಿ ಮೊದಲು ಪ್ರಾವಿಷನಲ್ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ತಿ ವಿವರ ಕೊಡಬಹುದು. ಆದರೆ ಒಂದು ಮಾತು ದಯವಿಟ್ಟು ಮನಸ್ಸಿನಲ್ಲಿಡಿ. ಅರ್ಜಿ ಹಾಕುವ ಮೊದಲು ಅದರ ವಿಡಿಯೊ ಮಾಡಿ ಎಲ್ಲರಿಗೂ ಕಳಿಸಬೇಡಿ, ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲಿಯೂ ಬರೆಯಬೇಡಿ. ರೈಟ್ ಸಹೋದರರಿಗೆ ಜರ್ಮನಿಯಲ್ಲಿ ಪೆಟ್ಟು ಬಿದ್ದಿದ್ದು ಇದರಿಂದಲೇ. ಅಲ್ಲಿ ಅರ್ಜಿ ಹೋಗಿದ್ದು 1904ರಲ್ಲಿ. ಅದಕ್ಕೆ ಮೊದಲೇ, 1901ರಲ್ಲಿ ಷಿಕಾಗೊದ ಎಂಜಿನಿಯರ್‌ಗಳ ಸಂಘದಲ್ಲಿ ವಿಲ್ಬರ್ ಭಾಷಣ ಮಾಡಿದ್ದರು. 1903ರ ಏಪ್ರಿಲ್‌ನಲ್ಲಿ ಅವರ ಹಿರಿಯ ಗೆಳೆಯ ಆಕ್ಟೇವ್ ಷನೂಟ್ ಪ್ಯಾರಿಸ್‌ನಲ್ಲಿ ಇವರ ಗ್ಲೈಡರ್ ಬಗ್ಗೆ ಅಭಿಮಾನದಿಂದ ಮಾತಾಡಿದ್ದರು. ವಿಷಯ ಆಗಲೇ ಬಹಿರಂಗ ಆಗಿದೆ ಅಂತ 1912ರಲ್ಲಿ ಜರ್ಮನಿಯವರು ಅವರ ಹಕ್ಕನ್ನು ತಳ್ಳಿಹಾಕಿದರು. ಗೆಳೆಯ ಒಳ್ಳೆಯ ಮನಸ್ಸಿನಿಂದ ಆಡಿದ ಮಾತೇ ಮುಳುವಾಯಿತು ನೋಡಿ.

ಬಯಲುಸೀಮೆ:

ಹಳೇಕಡತ ಅವರ ವಿವರಣೆ ತುಂಬಾ ಚೆನ್ನಾಗಿದೆ. ಆದರೆ ಆ ಅಗಲವಾದ ಕ್ಲೇಮನ್ನು ಅಷ್ಟು ಮೆಚ್ಚುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಅದರಿಂದ ಆದದ್ದನ್ನೂ ನೋಡಬೇಕು.

ಗ್ಲೆನ್ ಕರ್ಟಿಸ್ ಅವರೂ ಸೈಕಲ್, ಮೋಟಾರ್‌ಸೈಕಲ್‌ನಿಂದ ಬಂದವರೇ. ಅವರು ರೆಕ್ಕೆ ತಿರುಚಲಿಲ್ಲ, ಎರಡು ರೆಕ್ಕೆಗಳ ನಡುವೆ ಬೇರೆಯೇ ಪುಟ್ಟ ರೆಕ್ಕೆಗಳನ್ನು ಇಟ್ಟರು. 1909ರ ಆಗಸ್ಟ್‌ನಲ್ಲಿ ರೈಟ್ ಸಹೋದರರು ಅವರ ಮೇಲೆ ಕೇಸು ಹಾಕಿದರು. 1910ರ ಜನವರಿಯಲ್ಲಿ ನ್ಯಾಯಾಧೀಶ ಜಾನ್ ಹೇಜಲ್ ರೈಟ್ ಪರವಾಗಿ ತಡೆಯಾಜ್ಞೆ ಕೊಟ್ಟರು, ಅದು ಕೆಲವೇ ತಿಂಗಳಲ್ಲಿ ತೆರವಾಯಿತು, ಕೇಸು ನಡೆಯುತ್ತಲೇ ಹೋಯಿತು. ಕೊನೆಗೆ 1914ರ ಜನವರಿಯಲ್ಲಿ ಮೇಲಿನ ಕೋರ್ಟ್ ರೈಟ್ ಪಕ್ಷವನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ವಿಲ್ಬರ್ ಇರಲಿಲ್ಲ. 1912ರ ಮೇ 30ಕ್ಕೆ ಟೈಫಾಯ್ಡ್‌ನಿಂದ ತೀರಿಕೊಂಡಿದ್ದರು, ವಯಸ್ಸು ಬರೀ 45. ಕೊನೆಯ ವರ್ಷಗಳೆಲ್ಲ ವಕೀಲರು, ಸಾಕ್ಷಿ, ಓಡಾಟದಲ್ಲೇ ಕಳೆದುಹೋಯಿತು. ಗಾಳಿಸುರಂಗ ಕಟ್ಟಿ ಸುಮಾರು ಇನ್ನೂರು ಬಗೆಯ ಪುಟಾಣಿ ರೆಕ್ಕೆಗಳನ್ನು ಅಳೆದು ನೋಡಿದ ಮನುಷ್ಯ ಅವರು! ಆ ತಲೆ ಇನ್ನೂ ಏನೇನು ಮಾಡಬಹುದಿತ್ತೋ ಅಂತ ನೆನೆದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಯುದ್ಧರಂಗಕ್ಕೆ ಒಯ್ಯುವಂಥ ಸ್ವಂತ ವಿನ್ಯಾಸದ ಫೈಟರ್ ಅವರ ಹತ್ತಿರ ಇರಲಿಲ್ಲ. ಅವರ ಪೈಲಟ್‌ಗಳು ಫ್ರಾನ್ಸ್‌ನ ನ್ಯೂಪೋರ್, ಸ್ಪ್ಯಾಡ್ ವಿಮಾನ ಹಾರಿಸಬೇಕಾಯಿತು. ಆಗ ಸರ್ಕಾರ ನಡುವೆ ಬಂದು ಎಲ್ಲ ಪೇಟೆಂಟ್‌ಗಳನ್ನು ಒಂದೇ ಗುಂಪಿಗೆ ಸೇರಿಸುವ ಏರ್ಪಾಡು ಮಾಡಿಸಿತು. ಒಂದು ವಿಮಾನಕ್ಕೆ 200 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಎಲ್ಲ ಪೇಟೆಂಟ್ ಬಳಸಬಹುದು. ಇದನ್ನು 1909ರಲ್ಲೇ ಮಾಡಿದ್ದರೆ?

ಹಳೇಕಡತ:

ಬಯಲುಸೀಮೆ ಅವರೇ, ನಿಮ್ಮ ಸಂಕಟ ನನಗೂ ಇದೆ. ಆದರೆ ತಪ್ಪೆಲ್ಲ ಪೇಟೆಂಟ್ ತಲೆಗೆ ಕಟ್ಟಲು ಆಗುವುದಿಲ್ಲ. ಆ ವರ್ಷಗಳಲ್ಲಿ ಅಮೆರಿಕದ ಸೈನ್ಯ ವಿಮಾನ ಕೊಳ್ಳುತ್ತಿದ್ದದ್ದೇ ಬೆರಳೆಣಿಕೆಯಷ್ಟು. ಫ್ರಾನ್ಸ್, ಜರ್ಮನಿ ಸರ್ಕಾರಗಳು ದುಡ್ಡು ಸುರಿಯುತ್ತಿದ್ದವು. ಕೊಳ್ಳುವವರಿಲ್ಲದ ಕಡೆ ಪೇಟೆಂಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನೊಂದು ಮಾತು, ರೈಟ್ ಅವರದ್ದು ಸುಮ್ನೆ ಕಾಗದದ ಮೇಲಿನ ಹಕ್ಕಲ್ಲ. ಬ್ರಿಟನ್‌ನಲ್ಲಿ 1868ರಲ್ಲೇ ಮ್ಯಾಥ್ಯೂ ಬೌಲ್ಟನ್ ಅನ್ನುವವರು ಏಲರಾನ್ ಥರದ್ದನ್ನು ಬರೆದು ಪೇಟೆಂಟ್ ಪಡೆದಿದ್ದರು. ಅದನ್ನು ಯಾರೂ ಕಟ್ಟಲಿಲ್ಲ, ಹಾರಿಸಲಿಲ್ಲ. ಮರಳಿನಲ್ಲಿ ಬಿದ್ದು ಎದ್ದು ಅದನ್ನು ನಿಜ ಮಾಡಿದವರು ಈ ಇಬ್ಬರು. ಅದರ ಫಲ ಕೇಳುವುದು ದುರಾಸೆ ಅಂತ ನನಗೆ ಅನ್ನಿಸುವುದಿಲ್ಲ. ಎಷ್ಟು ಕೇಳಿದರು, ಹೇಗೆ ಕೇಳಿದರು ಅನ್ನುವುದರ ಬಗ್ಗೆ ನಿಮ್ಮ ತಕರಾರು ಒಪ್ಪುತ್ತೇನೆ.

ಸೀತಾಳೆ:

ಚರ್ಚೆ ಓದಿ ಸಂತೋಷವಾಯಿತು. ಪೇಟೆಂಟ್ ಇದ್ದೂ ಏನೂ ಸಿಗದವರ ಮಾತು ಬಂದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅದೇ 1903ರ ಕಥೆ.

ಮೇರಿ ಆಂಡರ್ಸನ್ ಅಲಬಾಮಾದವರು. ಚಳಿಗಾಲದಲ್ಲಿ ನ್ಯೂಯಾರ್ಕ್‌ಗೆ ಹೋದಾಗ ಟ್ರಾಮ್ ಚಾಲಕ ಹಿಮ ಬೀಳುತ್ತಿದ್ದರೂ ಮುಂದಿನ ಗಾಜು ತೆರೆದುಕೊಂಡು ಓಡಿಸುವುದನ್ನು ನೋಡಿದರು. ಗಾಜು ಮುಚ್ಚಿದರೆ ಏನೂ ಕಾಣುವುದಿಲ್ಲವಲ್ಲ. ಊರಿಗೆ ಬಂದು ಒಂದು ಉಪಾಯ ಮಾಡಿದರು. ಒಳಗೆ ಚಾಲಕನ ಕೈಗೆ ಸಿಗುವ ಹಿಡಿ, ಹೊರಗೆ ಗಾಜಿನ ಮೇಲೆ ರಬ್ಬರ್ ಪಟ್ಟಿಯ ತೋಳು, ತಾನೇ ವಾಪಸ್ ಬರಲು ಸ್ಪ್ರಿಂಗ್. 1903ರ ಜೂನ್‌ನಲ್ಲಿ ಅರ್ಜಿ, ನವೆಂಬರ್ 10ಕ್ಕೆ ಪೇಟೆಂಟ್ ಕೈಗೆ. ಐದೇ ತಿಂಗಳು! 1905ರಲ್ಲಿ ಕೆನಡಾದ ಒಂದು ಕಂಪನಿಗೆ ಮಾರಲು ನೋಡಿದರು. ಇದಕ್ಕೆ ವ್ಯಾಪಾರದ ಬೆಲೆ ಇಲ್ಲ ಅಂದುಬಿಟ್ಟರು. ಆಗ ಕಾರುಗಳೇ ಎಲ್ಲಿದ್ದವು? 17 ವರ್ಷದ ಅವಧಿ ಮುಗಿಯಿತು 1920ಕ್ಕೆ. ಕಾರು ಮನೆಮನೆಗೆ ಬರುತ್ತಿದ್ದದ್ದು ಸರಿಯಾಗಿ ಆಮೇಲೆ. ಅವರಿಗೆ ಒಂದು ಪೈಸೆ ಬರಲಿಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ವೈಪರ್ ಸದ್ದು ಕೇಳಿದರೆ ನನಗೆ ಅವರೇ ನೆನಪಾಗುತ್ತಾರೆ.

ಅದೇ ವರ್ಷ ನಮ್ಮ ವಿಶ್ವೇಶ್ವರಯ್ಯನವರದ್ದೂ ಒಂದಿದೆ. ಆಗ ಅವರು ಬಾಂಬೆ ಸರ್ಕಾರದ ಎಂಜಿನಿಯರ್. ಅವರು ರೂಪಿಸಿ ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿದರು. ನೀರು ಮಿತಿ ಮೀರಿ ಏರಿದರೆ ಗೇಟು ತಾನೇ ತೆರೆದು ಹೆಚ್ಚಿನ ನೀರು ಬಿಡುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಹಾಗಾಗಿ ಅಣೆಕಟ್ಟೆಯ ಗೋಡೆ ಎತ್ತರಿಸದೆಯೇ ಜಾಸ್ತಿ ನೀರು ನಿಲ್ಲಿಸಲು ಆಯಿತು. ಲೇತ್‌ಮನೆ ಅಣ್ಣ, ಇದೂ ನಿಮ್ಮ ಫೀಡರ್ ಥರವೇ. ಇಡೀ ಅಣೆಕಟ್ಟೆಗಲ್ಲ, ಅದರ ಒಂದು ಗೇಟಿಗೆ.

ಲೇತ್‌ಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ವಿಡಿಯೊ ಯಾರಿಗೂ ಕಳಿಸಿಲ್ಲ, ಪುಣ್ಯ.

ನಿನ್ನೆ ರಾತ್ರಿ ಮಗಳ ಜೊತೆ ಕೂತು ಟೂತ್‌ಪೇಸ್ಟ್ ಡಬ್ಬಿ ತಿರುಚಿದೆ. ಅವಳು ಆರನೇ ಕ್ಲಾಸು. ಮೊದಲನೇ ಸಲ ಒಂದು ಮುಚ್ಚಳ ಹರಿಯದೆ ಬಿಟ್ಟಿದ್ದೆವು, ಆ ಕಡೆ ತಿರುಗಲೇ ಇಲ್ಲ. ಎರಡೂ ತೆಗೆದ ಮೇಲೆ ಎಷ್ಟು ಸಲೀಸಾಗಿ ತಿರುಗಿತು! ಡಬ್ಬಿಯ ಅಂಚುಗಳು ಗಟ್ಟಿ ಇರುತ್ತವೆ, ಮೂಲೆಗಳು ಮಾತ್ರ ಕೀಲಿನ ಹಾಗೆ ಆಡುತ್ತವೆ. ಅವಳು ಅದನ್ನು ಟೇಬಲ್ ಫ್ಯಾನ್ ಎದುರು ಹಿಡಿದಳು. ತಿರುಚಿದಾಗ ಒಂದು ಕೈ ಮೇಲಕ್ಕೆ ಎಳೆದಂತೆ ಆಗುತ್ತದೆ ಅಪ್ಪ ಅಂದಳು. ನಾನೂ ಹಿಡಿದು ನೋಡಿದೆ, ಹೌದು, ಸಣ್ಣಗೆ ಗೊತ್ತಾಗುತ್ತದೆ.

ಆದರೆ ಆಮೇಲೆ ಅವಳೇ ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಗೊತ್ತಾಗಲಿಲ್ಲ. ರೆಕ್ಕೆ ತಿರುಚಿದರೆ ಸಾಕಾದರೆ ಹಿಂದೆ ನಿಂತಿರುವ ಹಲಗೆ ಯಾಕೆ? ಚಿತ್ರದಲ್ಲಿ ಅದಕ್ಕೂ ಹಗ್ಗ ಹೋಗಿದೆ.

ಗಾಳಿಪಟ:

ಮಗಳಿಗೆ ನನ್ನ ಶಾಬಾಸ್ ಹೇಳಿ. ಇಡೀ ಪೇಟೆಂಟ್‌ನಲ್ಲಿ ಎಲ್ಲಕ್ಕಿಂತ ಕಷ್ಟಪಟ್ಟು ಕಂಡುಕೊಂಡದ್ದು ಅದೇ ಹಗ್ಗ.

ರೆಕ್ಕೆಯ ಒಂದು ಕಡೆ ಮುಂದಿನ ಅಂಚು ಎದ್ದರೆ ಅಲ್ಲಿ ಎತ್ತುವ ಬಲ ಜಾಸ್ತಿ ಆಗುತ್ತದೆ, ಆದರೆ ಗಾಳಿ ತಡೆಯುವುದೂ ಜಾಸ್ತಿ ಆಗುತ್ತದೆ. ಹಾಗಾಗಿ ಆ ಕಡೆ ಹಿಂದೆ ಬೀಳುತ್ತದೆ, ಯಂತ್ರದ ಮೂತಿ ಆ ಕಡೆಗೇ ಹೊರಳುತ್ತದೆ. ಇದನ್ನು ತಡೆಯಲು 1902ರಲ್ಲಿ ಹಿಂದೆ ಅಲ್ಲಾಡದ ಎರಡು ಹಲಗೆ ನಿಲ್ಲಿಸಿದರು. ಎಷ್ಟೋ ಸಲ ಸರಿಹೋಯಿತು. ಕೆಲವು ಸಲ ಮಾತ್ರ ಗ್ಲೈಡರ್ ತಗ್ಗಿದ ರೆಕ್ಕೆಯ ಕಡೆಗೆ ಜಾರಲು ಶುರುಮಾಡಿದರೆ, ಪಕ್ಕದಿಂದ ಬಂದ ಗಾಳಿ ಆ ಹಲಗೆಗೆ ಹೊಡೆದು ಯಂತ್ರವನ್ನೇ ಸುತ್ತ ತಿರುಗಿಸಿ, ತಗ್ಗಿದ ರೆಕ್ಕೆ ಮರಳಿಗೆ ಚುಚ್ಚುತ್ತಿತ್ತು. ಇದಕ್ಕೆ ಅವರು 'ಬಾವಿ ತೋಡುವುದು' ಅಂತಲೇ ಹೆಸರಿಟ್ಟಿದ್ದರು.

ಅಕ್ಟೋಬರ್‌ನ ಒಂದು ರಾತ್ರಿ ಆರ್ವಿಲ್‌ಗೆ ಕಾಫಿ ಜಾಸ್ತಿ ಆಗಿ ನಿದ್ದೆ ಬರಲಿಲ್ಲ. ಮಲಗಿಕೊಂಡೇ ಇದನ್ನು ಯೋಚಿಸಿದರು. ಹಲಗೆ ಅಲ್ಲಾಡದೆ ಇರುವುದೇ ತಪ್ಪು, ಅದು ತಿರುಗುವಂತಿರಬೇಕು, ಆಗ ಜಾಸ್ತಿ ತಡೆ ಇರುವ ಕಡೆಗೆ ಎದುರಾಗಿ ತಿರುಗಿಸಿ ಸರಿದೂಗಿಸಬಹುದು. ಬೆಳಿಗ್ಗೆ ತಿಂಡಿ ಹೊತ್ತಿಗೆ ಹೇಳಿದರು. ವಿಲ್ಬರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅದನ್ನು ರೆಕ್ಕೆ ತಿರುಚುವ ಹಗ್ಗಕ್ಕೇ ಕಟ್ಟಿಬಿಡೋಣ ಅಂದರು. ಸವಾರ ಹೊಟ್ಟೆ ಅಡಿಯಾಗಿ ಮಲಗಿರುತ್ತಾನೆ, ಕೈಗೆ ಮುಂದಿನ ಹಲಗೆಯ ಕೆಲಸ ಇದ್ದೇ ಇದೆ, ಇನ್ನೊಂದು ಹಿಡಿ ಕೊಟ್ಟರೆ ಯಾವ ಕೈಯಲ್ಲಿ ಹಿಡಿಯಬೇಕು? ಸೊಂಟದ ಕೆಳಗಿನ ತೊಟ್ಟಿಲನ್ನು ಪಕ್ಕಕ್ಕೆ ಸರಿಸಿದರೆ ರೆಕ್ಕೆಯೂ ತಿರುಚಬೇಕು, ಹಿಂದಿನ ಹಲಗೆಯೂ ತಿರುಗಬೇಕು.

ಎರಡು ಹಲಗೆ ತೆಗೆದು, ತಿರುಗುವ ಒಂದನ್ನು ಹಾಕಿದರು. ಬಾವಿ ತೋಡುವುದು ನಿಂತಿತು. ಐದು ತಿಂಗಳ ಮೇಲೆ ಅರ್ಜಿ ಹೋಯಿತು.

ಲೇತ್‌ಮನೆ:

ಸಿಕ್ಕಿತು ಸರ್. ಮೊದಲನೇ ಹಾಳೆಯಲ್ಲೇ ಇದೆ. ತೊಟ್ಟಿಲಿನಿಂದ ಹೊರಟ ಹಗ್ಗ ರೆಕ್ಕೆ ಮೂಲೆಯ ರಾಟೆಗೆ ಹೋಗುತ್ತದೆ, ಅದಕ್ಕೇ ಕಟ್ಟಿದ ಇನ್ನೊಂದು ಹಗ್ಗ ಹಿಂದಿನ ಹಲಗೆಗೆ. ಮಗಳು ಪೆನ್ಸಿಲ್‌ನಲ್ಲಿ ಅದರ ಮೇಲೆಯೇ ಗೆರೆ ಎಳೆಯುತ್ತಾ ಹೋದಳು, ಎಲ್ಲೂ ಕಡಿಯಲಿಲ್ಲ.

ಇವತ್ತು ಮಧ್ಯಾಹ್ನ ಫೀಡರ್ ಬಿಚ್ಚಿ ಬೆಂಚಿನ ಮೇಲೆ ಇಟ್ಟು, ಒಂದೊಂದು ಭಾಗಕ್ಕೂ ಚಾಕ್‌ಪೀಸ್‌ನಲ್ಲಿ ನಂಬರ್ ಬರೆದಿದ್ದೇನೆ. ಹದಿನಾಲ್ಕು ಆಯಿತು. ಹಳೇಕಡತ ಸರ್, ಈ ಭಾನುವಾರ ನಿಮಗೆ ಬಿಡುವಿದ್ದರೆ ಕ್ಲೇಮ್ ಬರೆಯುವುದು ಹೇಗೆ ಅಂತ ಕೇಳುವುದಿದೆ, ಖಾಸಗಿಯಾಗಿ ಮೆಸೇಜ್ ಮಾಡುತ್ತೇನೆ.